ಅನುಮಾನವೂ ಒಂದು ಪ್ರಮಾಣ

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಕಣ್ಣು ಮೋಸಹೋಗಬಹುದು, ಅದು ಹೇಳಿದ್ದನ್ನೆಲ್ಲ ಒಮ್ಮೆಗೇ ನಂಬಬೇಡ ಎಂಬುದು ಅದರ ತಾತ್ಪರ್ಯ. ಒಳ್ಳೆಯ ಮಾತೇ. ಆದರೆ ಈ ಗಾದೆಯನ್ನು ಕಟ್ಟಿದವರು ಎರಡು ಸಂಗತಿಗಳನ್ನು ನೆಚ್ಚಿಕೊಂಡಿದ್ದರೆಂದು ತೋರುತ್ತದೆ. ನೋಡಬೇಕಾದದ್ದು ಹೇಗೂ ಕಣ್ಣಿಗೆ ಬೀಳುತ್ತದೆ ಎಂಬುದು ಒಂದು. ಕಂಡ ಮೇಲೆ ಸಾವಕಾಶವಾಗಿ ವಿಚಾರಮಾಡಲು ವ್ಯವಧಾನ ಉಳಿದಿರುತ್ತದೆ ಎಂಬುದು ಇನ್ನೊಂದು. ಕಾಣುವುದು ಸಾಧ್ಯವೇ ಇಲ್ಲದ, ಕಾಣುವ ಹೊತ್ತಿಗೆ ಕಾಲ ಮೀರಿಹೋಗಿರುವ ಸಂಗತಿಗಳಲ್ಲಿ ಮನುಷ್ಯ ಏನು ಮಾಡಬೇಕು? ಗಾದೆ ಅದಕ್ಕೆ ಉತ್ತರ ಹೇಳುವುದಿಲ್ಲ.

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಶಾಸ್ತ್ರಗ್ರಂಥದಿಂದಲ್ಲ. ಹೃದಯಕ್ಕೆ ಜೋಡಿಸುವ ಒಂದು ಯಂತ್ರದ ವಿಷಯ ಓದುತ್ತಿದ್ದಾಗ. ಓದುತ್ತ ಹೋದಂತೆ ನಮ್ಮ 'ಅನುಮಾನ' ಎಂಬ ಪದ ಮತ್ತೆ ಮತ್ತೆ ನೆನಪಾಯಿತು. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಜ್ಞಾನಕ್ಕೆ ಒಂದು ಸಾಧನ. ಪ್ರತ್ಯಕ್ಷದ ಪಕ್ಕದಲ್ಲೇ ಕೂಡುವ ಮರ್ಯಾದಸ್ಥ ಪ್ರಮಾಣ. ಅದೇ ಪದ ಮನೆಯ ಜಗಲಿಗೆ ಬಂದು ಕನ್ನಡವಾದಾಗ 'ಸಂಶಯ' ಎಂಬ ಅರ್ಥ ತಾಳಿ ತಲೆ ತಗ್ಗಿಸಿ ನಿಲ್ಲುತ್ತದೆ. "ನನಗೇಕೋ ಅನುಮಾನ" ಎಂದರೆ ನಮಗೆ ತಿಳಿದಿದೆ ಎಂದಲ್ಲ, ತಿಳಿದಿಲ್ಲವೆಂದು ಅರ್ಥ. ಒಂದೇ ಪದ ತಿಳಿವಿಗೂ ತಿಳಿಯದಿರುವುದಕ್ಕೂ ಹೆಸರಾದದ್ದು ಭಾಷೆಯ ಅಜಾಗರೂಕತೆಯೆ? ಅಲ್ಲವೆಂದು ನಾನು ಈಗ ನಂಬಿದ್ದೇನೆ. ಅದಕ್ಕೆ ಕಾರಣ ಹೇಳುವ ಮೊದಲು ಆ ಯಂತ್ರದ ಕಥೆಯನ್ನು ಸ್ವಲ್ಪ ಹೇಳಬೇಕು.

ಹೃದಯದ ಎಡಭಾಗದ ಕೆಳಗಿನ ಕೋಣೆ ಇಡೀ ದೇಹಕ್ಕೆ ರಕ್ತವನ್ನು ಒತ್ತುತ್ತದೆ. ಆ ಸ್ನಾಯು ಸೋತುಹೋದರೆ ಔಷಧಗಳು ಒಂದು ಮಟ್ಟದವರೆಗೆ ಮಾತ್ರ ಕೈಹಿಡಿಯುತ್ತವೆ. ಬದಲಿ ಹೃದಯ ಎಲ್ಲರಿಗೂ ಸಿಕ್ಕುವಂಥದಲ್ಲ. ಆದ್ದರಿಂದ ಸೋತ ಕೋಣೆಯ ತುದಿಗೆ ಒಂದು ಪಂಪನ್ನು ಹೊಲಿದು, ಅದು ಎಳೆದ ರಕ್ತವನ್ನು ಕೊಳವೆಯ ಮೂಲಕ ಮಹಾಧಮನಿಗೆ ಸೇರಿಸುವ ಉಪಾಯವನ್ನು ವೈದ್ಯರು ಕಂಡುಕೊಂಡರು. ೨೦೦೧ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಹೊರಬಂತು. ಬದಲಿ ಹೃದಯಕ್ಕೆ ಅರ್ಹರಲ್ಲದ ೧೨೯ ಮಂದಿ ರೋಗಿಗಳಲ್ಲಿ ಪಂಪು ಪಡೆದವರ ಪೈಕಿ ನೂರಕ್ಕೆ ೫೨ರಷ್ಟು ಜನ ಒಂದು ವರ್ಷ ಬದುಕಿದರು. ಔಷಧವನ್ನಷ್ಟೆ ನಂಬಿದವರಲ್ಲಿ ೨೫ರಷ್ಟು. ಅನಂತರ ಬಂದದ್ದು ಹಾರ್ಟ್‌ಮೇಟ್ ೨ ಎಂಬ ಚಿಕ್ಕ ಪಂಪು. ಟೈಟಾನಿಯಂ ಲೋಹದ ಕೊಳವೆಯೊಳಗೆ, ಮಾಣಿಕ್ಯದ ಬೇರಿಂಗಿನ ಮೇಲೆ, ನಿಮಿಷಕ್ಕೆ ಎಂಟು ಹತ್ತು ಸಾವಿರ ಸುತ್ತು ತಿರುಗುವ ಒಂದು ತಿರುಪು. ೨೦೦೮ರಲ್ಲಿ ಬದಲಿ ಹೃದಯಕ್ಕಾಗಿ ಕಾಯುವವರಿಗೂ, ೨೦೧೦ರಲ್ಲಿ ಅದು ದೊರೆಯಲಾರದವರಿಗೂ ಇದನ್ನು ಜೋಡಿಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ದೇಶದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿಯವರು ೨೦೧೦ರ ಜುಲೈಯಿಂದ ೨೦೧೨ರ ಮಾರ್ಚಿನಲ್ಲಿ ಬದಲಿ ಹೃದಯ ದೊರೆಯುವವರೆಗೆ ಇಂಥ ಪಂಪಿನ ಬಲದಿಂದಲೇ ಬದುಕಿದ್ದರು. ಹೊಟ್ಟೆಯ ಚರ್ಮವನ್ನು ತೂರಿ ಹೊರಬರುವ ಒಂದು ತಂತಿ; ಅದರ ತುದಿಗೆ ಹೆಗಲಿಗೆ ತೂಗುಹಾಕಿದ ಬ್ಯಾಟರಿ. ರಕ್ತ ಬಡಿತಬಡಿತವಾಗಿ ಹರಿಯದೆ ಎಡೆಬಿಡದೆ ಹರಿಯುವುದರಿಂದ, ಇಂಥವರಲ್ಲಿ ಹಲವರ ಕೈಹಿಡಿದು ನೋಡಿದರೆ ನಾಡಿ ಸಿಕ್ಕುವುದೇ ಇಲ್ಲ. ನಾಡಿ ನೋಡಿ ಜೀವ ಇದೆ, ಇಲ್ಲ ಎಂದು ಹೇಳುತ್ತಿದ್ದ ನಮ್ಮ ಹಳೆಯ ಪಂಡಿತರು ಇದ್ದಿದ್ದರೆ ಏನೆನ್ನುತ್ತಿದ್ದರೋ!

ರಕ್ತಕ್ಕೆ ಒಂದು ಗುಣವಿದೆ. ತನ್ನದಲ್ಲದ ಗೋಡೆಯನ್ನು ಮುಟ್ಟಿದರೆ ಅದು ಹೆಪ್ಪುಗಟ್ಟಲು ನೋಡುತ್ತದೆ. ಹರಿವು ನಿಧಾನವಾಗುವುದು, ನಾಳದ ಗೋಡೆ ಕೆಡುವುದು, ರಕ್ತವೇ ಹೆಪ್ಪಿಗೆ ಒಲಿಯುವುದು ಎಂದು ಇಂದಿಗೂ ವೈದ್ಯವಿದ್ಯಾರ್ಥಿಗಳು ಕಲಿಯುವ ಮೂರು ಕಾರಣಗಳಿಗೆ ಜರ್ಮನಿಯ ರುಡಾಲ್ಫ್ ವಿರ್ಶೋ ಅವರ ಹೆಸರು ಅಂಟಿಕೊಂಡಿದೆ. ಅವರ ಬರಹ ೧೮೫೬ರದು. ಇದರಲ್ಲಿ ರಕ್ತದ ತಪ್ಪೇನೂ ಇಲ್ಲ. ಈಳಿಗೆಮಣೆ ಬೆರಳನ್ನು ಕೊಯ್ದಾಗ ನಮ್ಮ ಪ್ರಾಣ ಸೋರಿಹೋಗದಂತೆ ತಡೆಯುವ ಶಕ್ತಿಯೇ ಅದು. ಪಂಪಿನ ಬೇರಿಂಗಿನ ಸುತ್ತ ಎಳೆಎಳೆಯಾಗಿ ಹೆಣೆದುಕೊಳ್ಳುವಾಗಲೂ ರಕ್ತ ತನ್ನ ಹಳೆಯ ಕರ್ತವ್ಯವನ್ನೇ ಮಾಡುತ್ತಿರುತ್ತದೆ. ಜಾಗ ಮಾತ್ರ ತಪ್ಪು. ಆ ಹೆಪ್ಪು ಬೆಳೆದರೆ ಪಂಪು ತಿಣುಕುತ್ತದೆ, ಕೆಂಪು ಕಣಗಳು ಅರೆದುಹೋಗುತ್ತವೆ. ತುಣುಕೊಂದು ಕಿತ್ತು ಮಿದುಳಿಗೆ ಹೋದರೆ ಲಕ್ವ. ಅದಕ್ಕಾಗಿಯೇ ಪಂಪು ಹೊತ್ತವರು ಪ್ರತಿದಿನ ವಾರ್ಫರಿನ್ ಮಾತ್ರೆ ನುಂಗುತ್ತಾರೆ. ಬೂಸಲು ಹಿಡಿದ ಮೇವು ತಿಂದ ದನಗಳು ರಕ್ತ ಸುರಿದು ಸತ್ತ ಕಾರಣವನ್ನು ಹುಡುಕಿ ಹೊರಟವರಿಗೆ ಸಿಕ್ಕಿದ ಸುಳಿವಿನಿಂದ ಹುಟ್ಟಿದ ಔಷಧ ಅದು. ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದು, ೧೯೫೪ರಲ್ಲಿ ಮನುಷ್ಯರ ಔಷಧವಾಯಿತು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಬದುಕು ಕತ್ತಿಯ ಅಲಗಿನ ಮೇಲಿನ ನಡಿಗೆ.

ಹೆಪ್ಪು ಕಟ್ಟಿದೆಯೆ, ಇಲ್ಲವೆ? ಕಾಣಬೇಕಾದದ್ದು ಇಷ್ಟೇ. ದೇಹದ ಒಳಗನ್ನು ನೋಡುವ ವಿದ್ಯೆ ನಮ್ಮಲ್ಲಿ ಬಡವಾಗಿಲ್ಲ. ೧೮೯೫ರಲ್ಲಿ ರಾಂಟ್‌ಜೆನ್ ತಮ್ಮ ಹೆಂಡತಿಯ ಕೈಯ ಮೂಳೆಗಳನ್ನೂ ಬೆರಳಿನ ಉಂಗುರವನ್ನೂ ಕ್ಷ-ಕಿರಣದಲ್ಲಿ ಹಿಡಿದರು. ೧೯೫೩ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಮಿಡಿಯುವ ಹೃದಯವನ್ನು ಗುರುತಿಸಿದರು. ೧೯೭೧ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ರೋಗಿಯ ತಲೆಯನ್ನು ಪದರಪದರವಾಗಿ ತೋರಿಸಿತು. ಆದರೂ ಈ ಲೋಹದ ಪೆಟ್ಟಿಗೆಯ ಮುಂದೆ ಎಲ್ಲ ವಿದ್ಯೆಗಳೂ ತಬ್ಬಿಬ್ಬಾಗುತ್ತವೆ. ಶಬ್ದದ ಅಲೆ ಲೋಹಕ್ಕೆ ಬಡಿದು ಹಿಂದಿರುಗಿ, ಅದರಾಚೆ ಬರಿಯ ನೆರಳನ್ನು ಉಳಿಸುತ್ತದೆ. ಸಿ.ಟಿ. ಚಿತ್ರದಲ್ಲಿ ಲೋಹದ ಸುತ್ತ ಬಿಳಿ ಕರಿ ಗೆರೆಗಳು ಸೂರ್ಯನ ಕಿರಣಗಳಂತೆ ಚೆಲ್ಲಿ, ಪಂಪಿನ ಒಳಗು ಕಾಣದೆಹೋಗುತ್ತದೆ. ರಕ್ತ ಒಳಹೋಗುವ ಮೂತಿಯನ್ನೂ ಹೊರಬರುವ ಕೊಳವೆಯನ್ನೂ ಅದು ಚೆನ್ನಾಗಿಯೇ ತೋರಿಸಬಲ್ಲದು. ಅಲ್ಲಿ ಹೆಪ್ಪೋ ಮಡಿಕೆಯೋ ಇದ್ದರೆ ಕಂಡೀತು. ಹೆಪ್ಪು ಮುಖ್ಯವಾಗಿ ಕೂಡುವ ನಡುಮನೆಗೆ ಮಾತ್ರ ಪ್ರವೇಶವಿಲ್ಲ. ಎಂ.ಆರ್.ಐ. ಅಂತೂ ಬಲವಾದ ಅಯಸ್ಕಾಂತ. ಇಂಥ ಯಂತ್ರ ಹೊತ್ತವರು ಅದರ ಬಳಿಗೆ ಸುಳಿಯುವಂತೆಯೇ ಇಲ್ಲ.

ಹಾಗಾದರೆ ವೈದ್ಯರು ಏನು ಮಾಡಿದರು? ಪಂಪನ್ನು ನೋಡುವುದನ್ನು ಬಿಟ್ಟು ಹೃದಯವನ್ನು ನೋಡಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು ೨೦೧೨ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಬಹಳ ಸೊಗಸಾದದ್ದು. ರೋಗಿಯನ್ನು ಮಲಗಿಸಿ, ಎಕೋ ಯಂತ್ರವನ್ನು ಎದೆಯ ಮೇಲಿಟ್ಟು, ಪಂಪಿನ ವೇಗವನ್ನು ನಿಮಿಷಕ್ಕೆ ೮೦೦೦ ಸುತ್ತಿನಿಂದ ಆರಂಭಿಸಿ ನಾನೂರು ನಾನೂರರಂತೆ ೧೨೦೦೦ದ ಕಡೆಗೆ ಏರಿಸುತ್ತ ಹೋಗುವುದು. ಪಂಪು ಸರಿಯಾಗಿದ್ದರೆ ಪ್ರತಿ ಮೆಟ್ಟಿಲಿಗೂ ಹೆಚ್ಚು ರಕ್ತವನ್ನು ಎಳೆದುಕೊಳ್ಳುತ್ತದೆ. ಹಿಗ್ಗಿದ ಹೃದಯದ ಕೋಣೆ ಕುಗ್ಗುತ್ತ ಬರುತ್ತದೆ. ವೇಗ ಏರಿದರೂ ಕೋಣೆ ಕುಗ್ಗದಿದ್ದರೆ, ಪಂಪಿನ ದಾರಿ ಕಟ್ಟಿದೆ. ಇದರ ಜೊತೆಗೆ ಬೇರೆ ಕುರುಹುಗಳು: ಪಂಪು ಎಂದಿಗಿಂತ ಹೆಚ್ಚು ವಿದ್ಯುತ್ತನ್ನು ನುಂಗುವುದು, ಅರೆದ ಕೆಂಪು ಕಣಗಳಿಂದ ಸೋರಿದ ಕಿಣ್ವ ರಕ್ತದಲ್ಲಿ ಏರುವುದು, ಮೂತ್ರ ಕಡುಚಹದ ಬಣ್ಣಕ್ಕೆ ತಿರುಗುವುದು.

ಇದು ನಮ್ಮ ನೈಯಾಯಿಕರ ಬೆಟ್ಟವಲ್ಲದೆ ಮತ್ತೇನು? ಬೆಟ್ಟದ ಹಿಂದಿನ ಬೆಂಕಿ ಕಾಣುವುದಿಲ್ಲ, ಹೊಗೆ ಕಾಣುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ಅಡುಗೆಮನೆಯಲ್ಲಿ ಕಂಡು ಬಲ್ಲವನು ಬೆಟ್ಟದಲ್ಲೂ ಬೆಂಕಿಯಿದೆ ಎಂದು ತಿಳಿಯುತ್ತಾನೆ. ಅದೇ ನೈಯಾಯಿಕರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: ಹೇತುವಿನಂತೆ ತೋರಿ ಹೇತುವಲ್ಲದ್ದು ಇರುತ್ತದೆ, ಮಂಜನ್ನು ಹೊಗೆಯೆಂದು ತಿಳಿಯಬೇಡ. ಇಲ್ಲಿಯೂ ಮಂಜುಂಟು. ರೋಗಿಯ ರಕ್ತದೊತ್ತಡ ಹೆಚ್ಚಿದ್ದರೆ, ಇಲ್ಲವೆ ಮಹಾಧಮನಿಯ ಕವಾಟ ಸೋರುತ್ತಿದ್ದರೆ, ಹೆಪ್ಪು ಇಲ್ಲದೆಯೂ ಕೋಣೆ ಕುಗ್ಗದೆ ನಿಂತೀತು. ಆದ್ದರಿಂದ ಒಂದು ಕುರುಹನ್ನು ಇನ್ನೊಂದರ ಪಕ್ಕದಲ್ಲಿಟ್ಟು, ತೂಗಿ, ಒಂದು ನಿರ್ಣಯಕ್ಕೆ ಬರಬೇಕು.

ಇಲ್ಲಿಗೆ ವಿಷಯ ವೈದ್ಯವನ್ನು ಬಿಟ್ಟು ಧರ್ಮಸಂಕಟದ ಎಲ್ಲೆಗೆ ಬರುತ್ತದೆ. ಹಾರ್ಟ್‌ಮೇಟ್ ೨ರಲ್ಲಿ ಹೆಪ್ಪು ಇದ್ದಕ್ಕಿದ್ದಂತೆ ಹೆಚ್ಚಿದ ವಿಷಯವನ್ನು ೨೦೧೪ರಲ್ಲಿ ಅಮೆರಿಕದ ಮೂರು ಆಸ್ಪತ್ರೆಗಳ ವೈದ್ಯರು ಒಟ್ಟಾಗಿ ಬರೆದರು. ಆ ವರದಿಯಲ್ಲಿ 'ಖಚಿತವಾದ ಹೆಪ್ಪು' ಎಂದರೆ ಯಾವುದು ಗೊತ್ತೆ? ಪಂಪನ್ನು ಬದಲಿಸಲು ಹೊರತೆಗೆದಾಗಲೋ, ಬದಲಿ ಹೃದಯ ಹಾಕುವಾಗಲೋ, ಸತ್ತ ಮೇಲೆ ದೇಹವನ್ನು ತೆರೆದಾಗಲೋ ಕಣ್ಣಿಗೆ ಬಿದ್ದದ್ದು. ಅದಕ್ಕೆ ಮುಂಚಿನದೆಲ್ಲ ಬರಿಯ 'ಶಂಕೆ'. ಎಂದರೆ ಖಚಿತವಾಗುವುದು ಕೆಲಸ ಮುಗಿದ ಮೇಲೆ. ನಿರ್ಧಾರ ಬೇಕಾದಾಗ ನಿಶ್ಚಯವಿಲ್ಲ; ನಿಶ್ಚಯ ಬಂದಾಗ ನಿರ್ಧರಿಸಲು ಏನೂ ಉಳಿದಿಲ್ಲ.

ಶಂಕೆಯ ಮೇಲೆ ನಡೆಯುವುದೂ ಸುಲಭವಲ್ಲ. ಎದೆಯನ್ನು ಮತ್ತೆ ತೆರೆದು ಪಂಪನ್ನು ಬದಲಿಸಿ, ಒಳಗೆ ಹೆಪ್ಪೇ ಇರಲಿಲ್ಲವೆಂದಾದರೆ? ಹೆಪ್ಪು ಕರಗಿಸುವ ಔಷಧ ಕೊಟ್ಟು, ಮಿದುಳಿನಲ್ಲಿ ರಕ್ತ ಸುರಿದರೆ? ಇನ್ನೊಂದು ಪಕ್ಕದಲ್ಲಿ, ಕಾಯುವುದೂ ಅಗ್ಗವಲ್ಲ. ಅದೇ ವರದಿಯಲ್ಲಿ, ಹೆಪ್ಪು ಕಟ್ಟಿದ ಮೇಲೆ ಪಂಪನ್ನು ಬದಲಿಸದೆ, ಬದಲಿ ಹೃದಯವೂ ಸಿಕ್ಕದೆ ಇದ್ದವರಲ್ಲಿ ಆರು ತಿಂಗಳೊಳಗಿನ ಸಾವು ನೂರಕ್ಕೆ ೪೮.೨ ಎಂದು ಲೆಕ್ಕ ಕಟ್ಟಿದ್ದಾರೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು.

ನನ್ನ ಅಕ್ಕನ ವಿಷಯ ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಕವಾಟವನ್ನು ಕೆಡಿಸಿತ್ತು. ನಮ್ಮ ದೇಶದಲ್ಲಿ ಇದು ಅಪರೂಪದ ಕಥೆಯಲ್ಲ. ನಡುಹರೆಯದಲ್ಲಿ ಅವಳಿಗೆ ಕೃತಕ ಕವಾಟ ಹಾಕಿದರು. ಅರ್ಧಚಂದ್ರಾಕಾರದ ಎರಡು ಎಲೆಗಳು ಬಾಗಿಲಿನಂತೆ ತೆರೆದು ಮುಚ್ಚುವ ಕವಾಟ. ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದಲ್ಲಿ ಮಲಗಿದವರಿಗೂ ಅದರ ಟಿಕ್ ಟಿಕ್ ಕೇಳುತ್ತಿತ್ತು. ಒಂದು ದಿನ ಬೆಳಿಗ್ಗೆ ಕಾಫಿ ಸೋಸುತ್ತ ಅಕ್ಕ ಭಾವನಿಗೆ ಹೇಳಿದಳು: "ಯಾಕೋ ಅನುಮಾನ ಕಣ್ರೀ. ಒಳಗಿನ ಗಡಿಯಾರದ ಸದ್ದು ಮಂಕಾಗಿದೆ." ಏದುಸಿರು ಆಗಿನ್ನೂ ಅಷ್ಟಾಗಿ ಇರಲಿಲ್ಲ. ಆ ಒಂದು ಮಾತಿನ ಮೇಲೆ ಭಾವ ಅವಳನ್ನು ಆ ದಿನವೇ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಓಡುವ ಕ್ಷ-ಕಿರಣ ಚಿತ್ರದಲ್ಲಿ ಕವಾಟವನ್ನು ನೋಡಿ, ನಮ್ಮನ್ನೂ ಕರೆದು ತೋರಿಸಿದರು. "ನೋಡಿ, ಒಂದು ಎಲೆ ಆಡುತ್ತಿದೆ. ಇನ್ನೊಂದು ಅಲ್ಲಾಡುತ್ತಿಲ್ಲ." ಕರಗಿಸುವ ಔಷಧದಿಂದ ಗುಣವಾಗಬಹುದು, ಹೆಪ್ಪಿನ ಚೂರು ಮಿದುಳಿಗೂ ಹೋಗಬಹುದು ಎಂದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಸಿಕ್ಕಿಕೊಂಡಿರೋದು ಖಾತ್ರಿ ತಾನೆ, ಡಾಕ್ಟ್ರೇ?" "ಖಾತ್ರಿ, ತಾಯಿ." "ಹಾಗಿದ್ರೆ ಕೊಡಿ." ಎರಡು ದಿನದ ಮೇಲೆ ಎರಡನೆಯ ಎಲೆಯೂ ಆಡಿತು.

ಕಾಣುವ ಹೆಪ್ಪಿಗೂ ಕಾಣದ ಹೆಪ್ಪಿಗೂ ಎಷ್ಟು ವ್ಯತ್ಯಾಸ! ಕಂಡಾಗ ಧೈರ್ಯ ತಾನೇ ಬರುತ್ತದೆ; ಪರಿಣಾಮ ಕೆಟ್ಟರೂ "ಅಲ್ಲಿ ಇತ್ತಲ್ಲ" ಎಂಬ ಸಮಾಧಾನ ಉಳಿಯುತ್ತದೆ. ಆದರೆ ಸ್ವಲ್ಪ ಯೋಚಿಸಿ. ಅಕ್ಕನ ವಿಷಯದಲ್ಲೂ ಮೊದಲು ಬಂದದ್ದು ಚಿತ್ರವಲ್ಲ, ಅನುಮಾನ. ಸದ್ದು ಮಂಕಾದದ್ದನ್ನು ಅವಳು ಕೇಳಿಸಿಕೊಳ್ಳದಿದ್ದರೆ, ಕೇಳಿಸಿಕೊಂಡದ್ದನ್ನು ಹೇಳದಿದ್ದರೆ, ಹೇಳಿದ್ದನ್ನು ಭಾವ ಮನಸ್ಸಿಗೆ ಹಾಕಿಕೊಳ್ಳದಿದ್ದರೆ, ಆ ಚಿತ್ರ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಪ್ರತ್ಯಕ್ಷ ಬೀಗ ತೆರೆಯಿತು ನಿಜ. ಯಾವ ಬಾಗಿಲಿನ ಮುಂದೆ ನಿಲ್ಲಬೇಕೆಂದು ತೋರಿಸಿದ್ದು ಅನುಮಾನ. ನಮ್ಮ ಜನ ಸಂಶಯಕ್ಕೂ ತಿಳಿವಿಗೂ ಒಂದೇ ಪದ ಇಟ್ಟುಕೊಂಡದ್ದರಲ್ಲಿ ಹುರುಳಿದೆ ಎಂದು ನಾನು ಹೇಳಿದ್ದು ಇದಕ್ಕೇ. ಒಳ್ಳೆಯ ಸಂಶಯ ಎಂದರೆ ಅರ್ಧ ನಡೆದ ತಿಳಿವು.

ಇದಕ್ಕೆ ಇಬ್ಬರು ಆಕ್ಷೇಪಿಸಬಹುದು. ಮೊದಲನೆಯವರು ಕರುಣಾಳುಗಳು. "ಖಚಿತವಾಗದ ಸಂಗತಿಯನ್ನು ರೋಗಿಗೆ ಹೇಳಿ ಅವನ ನಿದ್ದೆಯನ್ನೇಕೆ ಕೆಡಿಸಬೇಕು? ಸಂಶಯವನ್ನು ವೈದ್ಯನೇ ಹೊರಲಿ" ಎನ್ನುತ್ತಾರೆ. ಮನಸ್ಸು ಒಳ್ಳೆಯದು, ಆದರೆ ವಾದ ಒಪ್ಪತಕ್ಕದ್ದಲ್ಲ. ನಿಶ್ಚಯವಾದ ಮೇಲೆ ಹೇಳುತ್ತೇನೆಂಬ ವೈದ್ಯ, ಈ ರೋಗದ ಮಟ್ಟಿಗೆ, ಎಲ್ಲ ಮುಗಿದ ಮೇಲೆ ಹೇಳುತ್ತೇನೆ ಎಂದಂತಾಯಿತು. ಮೇಲಾಗಿ, ಕುರುಹುಗಳಲ್ಲಿ ಹಲವನ್ನು ಮೊದಲು ಕಾಣುವವನು ರೋಗಿಯೇ. ಬಚ್ಚಲಲ್ಲಿ ಬದಲಾದ ಬಣ್ಣವನ್ನು ನೋಡುವವನು ಅವನು, ರಾತ್ರಿ ಪಂಪಿನ ಎಚ್ಚರಿಕೆಯ ಗಂಟೆಗೆ ಏಳುವವಳು ಅವನ ಹೆಂಡತಿ. ಅವರ ಸಾಕ್ಷ್ಯವನ್ನು ತೆಗೆದುಕೊಂಡು ಅದರ ಅರ್ಥವನ್ನು ಮಾತ್ರ ಅವರಿಂದ ಮುಚ್ಚಿಡುವುದು ನ್ಯಾಯವಲ್ಲ. ದೇಹ ಅವನದು, ಅದರ ಸಂಶಯವೂ ಅವನದೇ.

ಎರಡನೆಯವರು ಕಟ್ಟುನಿಟ್ಟಿನವರು. "ಚಿತ್ರ ಬರಲಿ, ಆಮೇಲೆ ನೋಡೋಣ" ಎನ್ನುವವರು. ಇದು ವಿಜ್ಞಾನದ ಶಿಸ್ತಿನಂತೆ ಕಾಣುತ್ತದೆ. ಆದರೆ ಚಿತ್ರ ಬರಲಾರದ ಕಡೆ ಚಿತ್ರವನ್ನು ಕೇಳುವುದು ಶಿಸ್ತಲ್ಲ, ಹೊಣೆಯಿಂದ ನುಣುಚಿಕೊಳ್ಳುವ ಮರ್ಯಾದೆಯ ಮಾರ್ಗ. ಕಾಯುವುದೂ ಒಂದು ಕ್ರಿಯೆ. ಅದಕ್ಕೂ ಫಲವಿದೆ, ಆ ಫಲಕ್ಕೂ ಕರ್ತೃವಿದ್ದಾನೆ. ಕೈಕಟ್ಟಿ ನಿಂತವನು ತಾನು ಏನನ್ನೂ ಮಾಡಲಿಲ್ಲವೆಂದು ಹೇಳುವಂತಿಲ್ಲ. ಆತುರಗಾರನ ತಪ್ಪು ಗಾಯದಲ್ಲಿ ಕಾಣುತ್ತದೆ, ಕಾದವನ ತಪ್ಪು ವಿಧಿಯ ಲೆಕ್ಕಕ್ಕೆ ಹೋಗುತ್ತದೆ, ಅಷ್ಟೇ ಭೇದ. ಹಾಗೆಂದು ಸಂಶಯ ಬಂದೊಡನೆ ಕತ್ತಿ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ಮಂಜು ಹೊಗೆಯಲ್ಲವಷ್ಟೆ. ರಕ್ತದೊತ್ತಡ ಇಳಿಸಿ ಮತ್ತೊಮ್ಮೆ ಪರೀಕ್ಷಿಸುವುದು, ನಾಳೆ ಕಿಣ್ವವನ್ನು ಮತ್ತೆ ಅಳೆಯುವುದು, ಇಷ್ಟು ಏರಿದರೆ ಇಂಥದು ಮಾಡುತ್ತೇವೆ ಎಂದು ಮೊದಲೇ ರೋಗಿಯೊಡನೆ ಮಾತಾಡಿಕೊಳ್ಳುವುದು: ಇವೆಲ್ಲ ಕಾಯುವ ರೀತಿಗಳೇ. ಆದರೆ ಇವು ಕಣ್ಣು ತೆರೆದು ಕಾಯುವ ರೀತಿಗಳು.

ಇನ್ನೊಂದು ಬಗೆಯ ನೋಟವುಂಟು. ಅದನ್ನು ಹೇಳದೆ ಈ ಲೇಖನ ಮುಗಿಯಬಾರದು. ಅದು ಲೆಕ್ಕದ ನೋಟ. ಮೇಲೆ ಹೇಳಿದ ಮೂರು ಆಸ್ಪತ್ರೆಗಳವರು ೮೩೭ ರೋಗಿಗಳ ಲೆಕ್ಕವನ್ನು ಒಂದೆಡೆ ಹಾಕಿ ನೋಡಿದಾಗ, ಪಂಪು ಜೋಡಿಸಿದ ಮೂರು ತಿಂಗಳೊಳಗೆ ಖಚಿತವಾದ ಹೆಪ್ಪು ೨೦೧೧ರ ಮಾರ್ಚಿಗೆ ಮೊದಲು ನೂರಕ್ಕೆ ೨.೨ ಇದ್ದದ್ದು ೨೦೧೩ರ ಜನವರಿಯ ವೇಳೆಗೆ ೮.೪ಕ್ಕೆ ಏರಿತ್ತೆಂದು ತಿಳಿಯಿತು. ಹೆಪ್ಪು ಪತ್ತೆಯಾಗುವ ವಾರಗಳ ಮುಂಚೆಯೇ ಆ ಕಿಣ್ವ ಇಮ್ಮಡಿಗಿಂತ ಹೆಚ್ಚು ಏರುತ್ತಿತ್ತೆಂಬುದೂ ಗೊತ್ತಾಯಿತು. ಯಾವ ಒಂದು ಹಾಸಿಗೆಯ ಪಕ್ಕದಲ್ಲಿ ನಿಂತರೂ ಇದು ಕಾಣುವಂಥದಲ್ಲ. ಒಬ್ಬ ರೋಗಿಯಲ್ಲಿ ದುರದೃಷ್ಟದಂತೆ ಕಂಡದ್ದು, ನೂರಾರು ಜನರ ಲೆಕ್ಕದಲ್ಲಿ ಕಾರಣ ಹುಡುಕಬೇಕಾದ ಸಂಗತಿಯಾಯಿತು. ಜೋಡಿಸುವ ಕ್ರಮ, ರಕ್ತ ತೆಳುಮಾಡುವ ಔಷಧದ ಪ್ರಮಾಣ, ಪಂಪಿನ ವೇಗ ಇವುಗಳಲ್ಲಿ ವೈದ್ಯರು ಬಿಗಿ ತಂದರು. ಪಂಪನ್ನು ಕಟ್ಟುವವರೂ ಉತ್ತರ ಹೇಳಬೇಕಾಯಿತು. ಬೇರಿಂಗೇ ಇಲ್ಲದೆ ಅಯಸ್ಕಾಂತದ ಬಲದಿಂದ ತೇಲುತ್ತ ತಿರುಗುವ ಹಾರ್ಟ್‌ಮೇಟ್ ೩ ಬಂತು. ೧೦೨೮ ರೋಗಿಗಳಲ್ಲಿ ಹಳೆಯದನ್ನೂ ಹೊಸದನ್ನೂ ಹೋಲಿಸಿ ೨೦೧೯ರಲ್ಲಿ ಪ್ರಕಟವಾದ ಕೊನೆಯ ವರದಿಯಂತೆ, ಎರಡು ವರ್ಷಗಳಲ್ಲಿ ಪಂಪಿನ ಹೆಪ್ಪು ಹಳೆಯದರಲ್ಲಿ ನೂರಕ್ಕೆ ೧೩.೯, ಹೊಸದರಲ್ಲಿ ೧.೪. ಕಾಣದ ಹೆಪ್ಪಿಗೆ ಸಿಕ್ಕ ಅತ್ಯುತ್ತಮ ಉತ್ತರ ಅದನ್ನು ಕಾಣುವ ಯಂತ್ರವಲ್ಲ, ಅದು ಕಟ್ಟದಂಥ ಯಂತ್ರ.

ಅಲ್ಲಿಗೆ ಸಂಶಯ ತೀರಿತೆಂದು ತಿಳಿಯಬೇಡಿ. ಈ ಪಂಪುಗಳಿಂದ ರಕ್ತ ಹೊರಬರುವ ಕೊಳವೆಗೂ ಅದನ್ನು ಮುಚ್ಚಿದ ಹೊದಿಕೆಗೂ ನಡುವೆ ವರ್ಷಗಳ ಮೇಲೆ ಅಂಟಿನಂಥ ವಸ್ತು ಸೇರಿಕೊಂಡು, ಕೊಳವೆಯನ್ನು ಹೊರಗಿನಿಂದ ಅಮುಕುತ್ತದೆಂದು ಗೊತ್ತಾಗಿ, ೨೦೨೪ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ಅತ್ಯಂತ ಗಂಭೀರವಾದ ಎಚ್ಚರಿಕೆಯ ದರ್ಜೆಯನ್ನು ಕೊಟ್ಟಿತು. ಈ ಕಡೆ ಸಿ.ಟಿ. ಚಿತ್ರಕ್ಕೆ ಕಣ್ಣುಂಟು, ನಡುಮನೆ ಕಾಣದಿದ್ದರೂ ಹೊರಬಾಗಿಲು ಕಾಣುತ್ತದೆ. ಆದರೆ ಆ ಚಿತ್ರ ತೆಗೆಯಬೇಕೆಂದು ತೋರಬೇಕಾದರೆ, ಪಂಪಿನ ಹರಿವು ಕಡಿಮೆಯೆಂದು ಗಂಟೆ ಬಾರಿಸಿದಾಗ ಯಾರಿಗಾದರೂ ಮೊದಲು ಅನುಮಾನ ಬರಬೇಕು.

ಇಷ್ಟೆಲ್ಲ ಒಂದು ಪಂಪಿನ ಮಾತಾಯಿತು. ಆದರೆ ನಮ್ಮ ಬಾಳಿನ ದೊಡ್ಡ ನಿರ್ಧಾರಗಳಲ್ಲಿ ಎಷ್ಟು ಕಣ್ಣಾರೆ ಕಂಡು ಮಾಡಿದವು? ಮಗ ದಾರಿ ತಪ್ಪುತ್ತಿದ್ದಾನೆಯೆ, ಸ್ನೇಹಿತನ ನಗುವಿನ ಹಿಂದೆ ದುಃಖವಿದೆಯೆ, ಊರಿನ ಕೆರೆಯ ಏರಿ ಒಳಗೊಳಗೇ ಸೋರುತ್ತಿದೆಯೆ, ಇವೆಲ್ಲವೂ ಒಳಗು ಕಾಣದ ಪೆಟ್ಟಿಗೆಗಳೇ. ಮಾತು ಕಡಿಮೆಯಾಗುವುದು, ಊಟ ಸೇರದಿರುವುದು, ಏರಿಯ ಬುಡದಲ್ಲಿ ಬೇಸಗೆಯಲ್ಲೂ ಹಸುರಾಗಿರುವ ಹುಲ್ಲು, ಇಂಥ ಕುರುಹುಗಳು ಮಾತ್ರ ನಮಗೆ ಸಿಕ್ಕುತ್ತವೆ. ಅವುಗಳ ಮೇಲೆ ಹಾರಿಬೀಳುವವನು ಮನೆಯ ನೆಮ್ಮದಿ ಕೆಡಿಸುತ್ತಾನೆ. ಏರಿ ಒಡೆಯುವವರೆಗೆ ಪುರಾವೆ ಕೇಳುವವನು ಊರನ್ನು ಕೆಡಿಸುತ್ತಾನೆ. ಇವರಿಬ್ಬರ ನಡುವೆ ನಿಂತು, ತನಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದನ್ನು ಸಂಬಂಧಪಟ್ಟವರಿಗೆ ನೇರವಾಗಿ ಹೇಳಿ, ಅವರೊಡನೆ ಕೂತು ತೂಗಿ, ಮುಂದಿನ ಹೆಜ್ಜೆಯ ಹೊಣೆಯನ್ನು ತನ್ನ ಹೆಸರಿನಲ್ಲೇ ಬರೆಸಿಕೊಳ್ಳುವವನು ಬೇಕು. ಅಂಥವನ ಎಣಿಕೆಯೂ ಕೆಲವೊಮ್ಮೆ ತಪ್ಪೀತು. ಪೆಟ್ಟಿಗೆ ತೆರೆದಾಗ ಒಳಗೆ ಹೆಪ್ಪು ಇರಲಾರದು. ಆಗಲೂ ಅವನು ನಡೆದ ದಾರಿ ತಪ್ಪೆಂದು ನಾನು ಹೇಳಲಾರೆ.